ಹೊಳೆ ದಾಟಿದ ನಾಲ್ಕನೆಯವರು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಗ್ರಂಥಮ್ಮ ಎನ್ನುತ್ತಿದ್ದೆವು. ನಾಲ್ಕು ಸಂಪುಟದ ಕಾದಂಬರಿಯನ್ನು ಹನ್ನೊಂದು ಸಲ ಓದಿದವಳಿಗೆ ಬೇರೆ ಹೆಸರೇಕೆ? ಅದೇ ಕಾದಂಬರಿಯನ್ನು ನಾವು ವಿಡಿಯೋ ಗೇಮ್ ಮಾಡುತ್ತಿದ್ದೆವು. ಮೊದಲ ಭಾಗದ ಕಥೆ, ಮಾತು ಬರೆಯುವುದು ಅವಳ ಕೆಲಸ. ಆಡುವವರ ಬೆನ್ನ ಹಿಂದೆ ಕೂತು, ಯಾರು ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳುವುದು ನನ್ನದು. ಸುಖದ ಕೆಲಸವೇನಲ್ಲ ಬಿಡಿ.

ಅವಳ ಪಾಡು ಅತ್ತ ದರಿ, ಇತ್ತ ಪುಲಿ. ಹೊರಗಿನವರಿಂದ ಗೇಮ್ ಆಡಿಸಿ ನೋಡುವ ಮೊದಲ ಪರೀಕ್ಷೆಗೆ ಎಲ್ಲವನ್ನೂ ವಿವರಿಸಿದ್ದಳು. ಪುಸ್ತಕ ಓದಿದ್ದವರು ಆಕಳಿಸಿದರು. "ಗೊತ್ತಿರೋದನ್ನೇ ಎಷ್ಟು ಸಲ ಹೇಳ್ತೀರಿ?" ಎಂದ ಒಬ್ಬ. ಎರಡನೆಯ ಸಲ ವಿವರಣೆಯನ್ನೆಲ್ಲ ಕಿತ್ತಳು. ಓದದ ಹೊಸಬರು ಗೇಮಿನಲ್ಲಿ ಬರುವ ಹೊಳೆಯ ದಡದಲ್ಲೇ ಕಣ್ಣು ಕಣ್ಣು ಬಿಟ್ಟರು. "ಮುಂದಿನ ಸಲ ಆರು ಹೊಸಬರಲ್ಲಿ ನಾಲ್ಕು ಜನ ಆದ್ರೂ ಅರ್ಧ ಗಂಟೇಲಿ ಹೊಳೆ ದಾಟ್ಬೇಕು. ಇಲ್ದಿದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ" ಎಂದರು ಯಜಮಾನರು. ಆ ವಾರವೆಲ್ಲ ಅವಳು ಸರಿಯಾಗಿ ಉಂಡದ್ದನ್ನು ನಾನು ಕಾಣೆ.

ಮೂರನೆಯ ಪರೀಕ್ಷೆಯ ದಿನ ಅವಳು ಓದಿದವರ ಕೋಣೆಯಲ್ಲಿದ್ದಳು, ನಾನು ಹೊಸಬರ ಕೋಣೆಯಲ್ಲಿ. ಒಬ್ಬ ಹೊಸಬ ಕೈಕೊಟ್ಟ. ಅಷ್ಟರಲ್ಲಿ ಮಗಳು ಮರೆತುಬಂದ ಕನ್ನಡಕ ಹಿಡಿದು ಗ್ರಂಥಮ್ಮನ ಅಮ್ಮ ಬಂದರು. ವಿಷಯ ಕೇಳಿ, "ನಾನು ಕೂತ್ಕೊಳ್ಲಾ?" ಎಂದರು.

"ಪುಸ್ತಕ ಓದಿದೀರಾ ಅಮ್ಮ?"

"ಒಂದು ಪುಟಾನೂ ಓದಿಲ್ಲಪ್ಪ."

ನಮ್ಮ ನಿಯಮಕ್ಕೆ ಅಷ್ಟು ಸಾಕು. ಕೂರಿಸಿದೆ. ಮೊಬೈಲಿನಲ್ಲಿ ಗುಳ್ಳೆ ಒಡೆಯುವ ಆಟ ಆಡಿ ಪಳಗಿದ ಬೆರಳು, ಚೆನ್ನಾಗಿಯೇ ಓಡಿತು.

ಗೇಮಿನಲ್ಲಿ, ದಡದ ಒಣಮರಕ್ಕೆ ಕಟ್ಟಿದ ಗಂಟೆಯನ್ನು ಮೂರು ಸಲ ಬಾರಿಸಿದರೆ ಮಾತ್ರ ಹೊಳೆ ದಾಟಿಸಲು ಅಂಬಿಗ ಬರುತ್ತಾನೆ. ಓದಿದವರಿಗೆ ಅದು ಗೊತ್ತು, ಹೊಸಬರು ಹುಡುಕಬೇಕು. ಮೂವರು ಹೇಗೋ ದಾಟಿದರು. ಇನ್ನು ಎರಡೇ ನಿಮಿಷ. ಆಗ ಅಮ್ಮ ನೆಟ್ಟಗೆ ಮರದ ಬಳಿ ಹೋಗಿ ಮೂರು ಸಲ ಗಂಟೆ ಬಾರಿಸಿದರು.

ನಾಲ್ಕು. ಹೋದ ಜೀವ ಬಂದಂತಾಯಿತು ನನಗೆ.

ಗ್ರಂಥಮ್ಮ ಓಡಿಬಂದು ನನ್ನ ಪಟ್ಟಿ ನೋಡಿ ನಕ್ಕಳು. ನಾಲ್ಕನೆಯದಾಗಿ ದಾಟಿದವರು ಅಮ್ಮ ಎಂದು ಕಂಡು ನನ್ನತ್ತ ತಿರುಗಿದಳು.

"ಅಮ್ಮನ್ನ ಯಾಕೆ ಕೂರಿಸಿದ್ರಿ?"

"ಓದಿಲ್ಲ ಅಂದ್ರಲ್ಲ."

"ಓದಿಲ್ಲ. ಕಣ್ಣಿನ ಆಪರೇಷನ್ ಆದಾಗ ನಾಲ್ಕೂ ಸಂಪುಟ ನಾನೇ ಓದಿ ಹೇಳಿದೀನಿ."

ನಾನೇನು ಸಾಧುವಲ್ಲ. "ನಾನು ಬಾಯಿ ಬಿಡಲ್ಲ ಬಿಡಿ" ಎಂದೆ.

ಅವಳು ಹೋಗಿ ಅಮ್ಮನ ಪಕ್ಕ ಕೂತಳು. "ನಿಜ ಹೇಳಮ್ಮ. ನಾನು ಓದಿ ಹೇಳ್ದೇ ಇದ್ದಿದ್ರೆ ಆ ಗಂಟೆ ನಿಂಗೆ ಗೊತ್ತಾಗ್ತಿತ್ತಾ?"

ಅಮ್ಮ ತಲೆ ತಗ್ಗಿಸಿದರು. "ನಿನ್ನ ಕೆಲಸ ಉಳೀಲಿ ಅಂತ ಕೂತೆ ಕಣೇ."

"ಗೊತ್ತಾಗ್ತಿತ್ತಾ?"

"ಇಲ್ಲ. ಓದಿ ಹೇಳೋಕೆ ಎಲ್ರಿಗೂ ನಿನ್ನಂಥ ಮಗಳು ಇರ್ತಾಳಾ?"

ಗ್ರಂಥಮ್ಮ ನನ್ನ ಪೆನ್ನು ತೆಗೆದುಕೊಂಡು ನಾಲ್ಕನ್ನು ಹೊಡೆದುಹಾಕಿ ಮೂರು ಎಂದು ಬರೆದಳು. ಪಟ್ಟಿ ಹಿಡಿದು ಯಜಮಾನರ ಕೋಣೆಗೆ ತಾನೇ ಹೋದಳು.