ಸುಲ್ತಾನನ ಏಳನೇ ಹೆಂಡತಿ ನಕ್ಕಳು

ಅರ್ಮೀಡಾ ಸೆಪೇದಾಳಿಗೆ ನಗು ಬಂದರೆ ದೇವರೇ ಗತಿ. ಸೋದರಮಾವನ ಶವಪೆಟ್ಟಿಗೆಯ ಮುಂದೆ ಪಾದ್ರಿ ಸೀನಿದನೆಂದು ನಕ್ಕವಳು. ತನ್ನ ಮದುವೆಯಲ್ಲೇ ಗಂಡನ ಪ್ಯಾಂಟು ಹೊಲಿಗೆ ಬಿಟ್ಟಿತೆಂದು ಚರ್ಚಿನ ಬೆಂಚು ಹಿಡಿದುಕೊಂಡು ನಕ್ಕವಳು. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಕೇರಿಯಲ್ಲಿ ಅವಳ ನಗು ಕೇಳಿದರೆ ಪಕ್ಕದ ಮನೆಯ ಕೋಳಿಗಳು ಗೂಡು ಸೇರುತ್ತಿದ್ದವು. ಇಂಥವಳು ಹೊಟ್ಟೆಪಾಡಿಗೆ ಹಿಡಿದ ಕೆಲಸವಾದರೂ ಯಾವುದು? ಹಾಸ್ಯ ಸಿನಿಮಾಗಳಲ್ಲಿ ಗುಂಪಿನೊಳಗೆ ನಿಲ್ಲುವುದು! ಸಿನಿಮಾಕ್ಕೆ ಮಾತು ಬಂದ ಮೇಲೆ ಸೆಟ್ಟಿನಲ್ಲಿ ಯಾರೂ ನಗುವಂತಿಲ್ಲ. ಲೈಟಿನವರೂ ಬಾಯಿಗೆ ಕರ್ಚೀಫು ತುರುಕಿಕೊಂಡು ನಿಲ್ಲುತ್ತಾರೆ.

ಐವತ್ತೊಂದನೇ ಇಸವಿಯ ಆ ಬೇಸಿಗೆಯಲ್ಲಿ ಅವಳು ಸುಲ್ತಾನನ ಏಳನೇ ಹೆಂಡತಿ. ಪ್ಲೈವುಡ್ಡಿನ ಅರಮನೆ, ಲಾರಿಯಲ್ಲಿ ತಂದು ಸುರಿದ ಮರಳು, ಉಗುಳುವ ಚಟದ ಒಂದು ಒಂಟೆ. ನಾಯಕ ಬಾರ್ನಿ ಕ್ಲಾಪ್, ಜೀವಮಾನವಿಡೀ ಬಿದ್ದೇ ಬದುಕಿದವನು. ಅವನು ದ್ರಾಕ್ಷಿ ತಟ್ಟೆ ಹೊತ್ತು ಮೆಟ್ಟಿಲಿಳಿಯಬೇಕು, ಒಂಟೆ ಅವನ ಪೇಟ ಕಚ್ಚಬೇಕು, ಅವನು ಗಿರಗಿರ ತಿರುಗಿ ಕಾರಂಜಿಗೆ ಬೀಳಬೇಕು. ಬೆಳಿಗ್ಗೆ ಎರಡು ಸಲವೂ ಚೆನ್ನಾಗಿಯೇ ಬಿದ್ದ. ಎರಡು ಸಲವೂ ಅರ್ಮೀಡಾಳ ನಗು ಮೈಕಿಗೆ ಸಿಕ್ಕಿತು.

ನಿರ್ದೇಶಕ ಸ್ಟ್ರಿಕ್ಲರ್ ಕೆಂಡವಾದ. "ಇದೇನಮ್ಮ ನಿಮ್ಮಪ್ಪನ ಮನೇನಾ? ಇನ್ನೊಂದ್ಸಲ ಹಲ್ಲು ಕಿಸಿದ್ರೆ ಗೇಟಿನಾಚೆ. ಈ ಊರಲ್ಲಿ ಯಾವ ಸ್ಟುಡಿಯೋದವ್ರೂ ನಿನ್ನ ಕರೀಬಾರ್ದು, ಹಾಗ್ ಮಾಡ್ತೀನಿ!"

ಗಂಡನ ಬೇಕರಿ ಕೆಲಸ ಹೋಗಿತ್ತು, ಮನೆಯ ಒಲೆ ಉರಿಯುತ್ತಿದ್ದುದು ಇವಳ ದಿನಗೂಲಿಯಿಂದ. ಅವಳು ಊಟದ ಡಬ್ಬಿಯಿಂದ ಒಣಮೆಣಸಿನಕಾಯಿ ತೆಗೆದು ಮುಸುಕಿನೊಳಗೆ ಕಚ್ಚಿ ಹಿಡಿದಳು. ಈಗ ಬರಲಿ ನೋಡೋಣ ನಗು!

ನಗು ಬರಲಿಲ್ಲ. ಕಣ್ಣಿಂದ ದಳದಳ ನೀರು ಬಂತು. ಒಂಟೆ ಪೇಟ ಕಚ್ಚಿತು, ತಿರುಗುತ್ತಿದ್ದ ಬಾರ್ನಿ ಅಳುವ ಏಳನೇ ಹೆಂಡತಿಯನ್ನು ಕಂಡ, ಕಾರಂಜಿಗೆ ಮುಂಚೆಯೇ ಹಿಟ್ಟಿನ ಮೂಟೆಯಂತೆ ಕುಸಿದ. ಮತ್ತೊಮ್ಮೆ ಮಾಡಿಸಿದರು. ಇನ್ನೂ ಕೆಟ್ಟದಾಗಿ ಬಿದ್ದ.

ಅವನು ನೇರ ಅವಳ ಹತ್ತಿರ ಬಂದ. "ನಿಜ ಹೇಳು ಮಾರಾಯ್ತಿ. ನಾನು ಬೀಳೋದು ನೋಡಿದ್ರೆ ಅಳು ಬರುತ್ತಾ? ಅಷ್ಟು ಮುದುಕ ಆಗ್ಬಿಟ್ನಾ?"

"ಅಯ್ಯೋ, ಮೆಣಸಿನಕಾಯಿ ಸಾರ್!" ಅವಳು ಉಗಿದು ತೋರಿಸಿದಳು.

"ಸಮಾಧಾನಕ್ಕೆ ಹೇಳ್ತಿದ್ದೀಯ, ಬಿಡು," ಎಂದು ಅವನು ತಿರುಗಿ ಹೊರಟ. ಪೇಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಆ ಬೆನ್ನು ನೋಡಿ ಅರ್ಮೀಡಾಳ ಕರುಳು ಚುರ್ ಎಂದಿತು.

ಕ್ಯಾಮೆರಾ ಓಡಿತು. ಬಾರ್ನಿ ಜೋಲುಮುಖ ಹೊತ್ತು ಇಳಿದ, ಒಂಟೆ ಬಾಯಿ ಹಾಕಿತು. ತುಟಿ ಕಚ್ಚಿದ್ದರೆ ಅರ್ಮೀಡಾ ತಡೆಯಬಹುದಿತ್ತು. ತಡೆಯಲಿಲ್ಲ. ಮುಸುಕು ಕಿತ್ತೆಸೆದು, ಹೊಟ್ಟೆ ಹಿಡಿದುಕೊಂಡು, ಅರಮನೆ ಅದುರುವ ಹಾಗೆ ನಕ್ಕಳು.

ಬಾರ್ನಿಯ ಕಿವಿ ನೆಟ್ಟಗಾಯಿತು. ಅಬ್ಬಬ್ಬಾ, ಅವನು ಬಿದ್ದ ಪರಿಯೇನು! ತಟ್ಟೆ ಒಂದು ಕಡೆ, ಚಪ್ಪಲಿ ಒಂದು ಕಡೆ, ಇಬ್ಬರು ಕಾವಲುಗಾರರನ್ನೂ ಸುಲ್ತಾನನನ್ನೂ ಎಳೆದುಕೊಂಡು ಕಾರಂಜಿಗೆ ಧುಮುಕಿದ, ಹಿಂದೆಯೇ ಪ್ಲೈವುಡ್ಡಿನ ಗೋಪುರ ದಬಾರನೆ ಉರುಳಿತು. ಕರ್ಚೀಫು ಕಚ್ಚಿದ್ದವರೆಲ್ಲ ಕರ್ಚೀಫು ಉಗಿದು ನಕ್ಕರು.

"ನಡಿ ಆಚೆ!" ಸ್ಟ್ರಿಕ್ಲರ್ ಅರಚಿದ. ಅರ್ಮೀಡಾ ನಗುತ್ತಲೇ ಡಬ್ಬಿ ಎತ್ತಿಕೊಂಡಳು.

ಬಾರ್ನಿ ನೀರಿನಿಂದ ತಲೆ ಎತ್ತಿ, ಕಿವಿಯೊಳಗಿನ ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡ. "ಕಳ್ಸು, ಸ್ಟ್ರಿಕ್ಲರ್. ಕ್ಯಾಮೆರಾನೂ ಗೇಟಿನಾಚೆ ತಗೊಂಬಾ. ಇನ್ಮೇಲೆ ನಾನು ಅಲ್ಲೇ ಬೀಳೋದು."