ಕಾಕುವಿನ ಮೊರ

ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಖಚಿತವಿಲ್ಲ. ಕಳೆದ ತಿಂಗಳು ಮನಗೂಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಅಂಗಡಿಯ ಮುಂದೆ ಬಿದಿರಿನ ಮೊರಗಳನ್ನು ಒರಗಿಸಿಟ್ಟಿದ್ದರು. ಒಂದನ್ನೆತ್ತಿ ಬೆರಳಿನಿಂದ ತಟ್ಟಿದೆ. ಆ ಸದ್ದಿಗೆ ಸಿಂದಗಿಯ ಪಡಸಾಲೆಯೊಂದು ನೆನಪಾಯಿತು, ಅಲ್ಲಿ ಗೋಡೆಗೊರಗಿ ಕೂತ ಮನೆ ಮಾಲಕಿ... ಅವರನ್ನು ನಾನು ಕಾಕು ಎನ್ನುತ್ತಿದ್ದೆ.

ಆಗ ನಾನು ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಬಾಕಿ ಇತ್ತು. ಎರಡು ಸಲ ಅವಧಿ ವಿಸ್ತರಿಸಿದ್ದರು. ಮೂರನೆಯದು ಇಲ್ಲ ಎಂದು ಪತ್ರ ಬಂದಿತ್ತು. ಆ ಬೇಸಿಗೆಯೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು, ಆರು ವರ್ಷದ ಕೆಲಸ ಕಸ. ಟಿಪ್ಪಣಿಗಳೆಲ್ಲ ಸಿದ್ಧವಿದ್ದವು, ಮೊದಲ ವಾಕ್ಯವೂ ತಲೆಯಲ್ಲಿತ್ತು. ಕೂತರೆ ಕೈ ಮಾತ್ರ ಏಳುತ್ತಿರಲಿಲ್ಲ. ಅದಕ್ಕೊಂದು ಹೆಸರಿದೆ ಎಂದು ವೈದ್ಯರು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ಎಲ್ಲರೂ ಕೊಟ್ಟ ಹೆಸರು ಸೋಮಾರಿತನ.

ಸಲಹೆಗಳಿಗೆ ಕೊರತೆ ಇರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದುಬಿಡು ಎಂದರು ಮಾರ್ಗದರ್ಶಕರು. ದಿನಕ್ಕೊಂದೇ ಪುಟ ಬರಿ, ತಿಂಗಳಿಗೆ ಮೂವತ್ತಾಗುತ್ತದೆ ಎಂದ ಇಂಡಿಯಲ್ಲಿದ್ದ ಅಣ್ಣ. ಲೆಕ್ಕ ಸರಿಯಾಗಿಯೇ ಇತ್ತು. ಬಣ್ಣದ ಪೆನ್ನುಗಳಲ್ಲಿ ವೇಳಾಪಟ್ಟಿ ಬರೆದು ಗೋಡೆಗಂಟಿಸಿದೆ. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಅದನ್ನು ನೋಡಲಾಗದೆ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದೆ.

ಕಾಕುವೂ ಮೊದಲು ಅದನ್ನೇ ಹೇಳಿದವರು.

"ಐದಕ್ಕ ಎದ್ದು ತಣ್ಣೀರು ಸುರಕೋರಿ ಮಾಸ್ತರ, ಎಲ್ಲಾ ದಾರಿಗೆ ಬರ್ತೈತಿ."

"ಐದಕ್ಕೇ ಎದ್ದೇನ್ರಿ ಕಾಕು. ಎಂಟರತನಕ ಗ್ವಾಡಿ ನೋಡಕೋತ ಕುಂತಿದ್ದೆ."

"ಗ್ವಾಡಿ ಏನರ ಹೇಳ್ತೇನು?"

"ಇಲ್ರಿ."

"ನಿಮ್ಮ ಪಾಠ ಕೇಳಿ ಅದಕ್ಕೂ ಬ್ಯಾಸರಾಗಿರಬೇಕ!"

ಜೋರಾಗಿ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು... ಅಥವಾ ಹಾಗೆಂದು ನನ್ನ ನೆನಪು. "ಸಂಜಿಮುಂದ ನಂದು ಜೋಳ ಹಸನ ಮಾಡೂದೈತಿ. ಒಬ್ಬಾಕಿಗೆ ಹೊತ್ತ ಹೋಗಂಗಿಲ್ಲ. ನಿಮ್ಮ ಹಾಳಿ ತಗೊಂಡು ಪಡಸಾಲಿಗೆ ಬಂದು ಕೂಡ್ರಿ."

ಮೊದಲ ಸಂಜೆ ನಾಲ್ಕು ಸಾಲು ಬರೆದೆ. ಅವರು ಮೊರಕ್ಕೆ ಜೋಳ ಸುರಿದು, ತಟ್ಟಿ, ಬೆರಳಿನಿಂದ ಕೆದಕುತ್ತ ಕೂತಿದ್ದರು. ಏನು ಬರೆದೆ ಎಂದು ಕೇಳಲಿಲ್ಲ. ಪಕ್ಕದ ಬಟ್ಟಲಿಗೆ ಆರಿಸಿದ ಕಲ್ಲುಹರಳು ಎಷ್ಟು ಬಿದ್ದವೋ ನಾನು ನೋಡಲಿಲ್ಲ. ನಾನು ಎದ್ದರೆ ತಲೆ ಎತ್ತದೆಯೇ, "ಇನ್ನೊಂದು ಮೊರ ಐತ್ರಿ" ಎನ್ನುತ್ತಿದ್ದರು. ಕೂರುತ್ತಿದ್ದೆ. ಎದುರಿಗೊಬ್ಬರು ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದರೆ ನನ್ನ ಕೈ ಯಾಕೆ ಏಳುತ್ತಿತ್ತೋ ತಿಳಿಯದು. ಹೀಗೆ ಎರಡು ತಿಂಗಳು ನಡೆಯಿತು ಎಂದುಕೊಂಡಿದ್ದೇನೆ. ಮೂರು ವಾರವೂ ಇರಬಹುದು. ಗಡುವಿಗೆ ಎರಡು ದಿನ ಮುಂಚೆ ಪ್ರಬಂಧ ಸಲ್ಲಿಸಿದೆ.

ಆಮೇಲೆ ಮುದ್ದೇಬಿಹಾಳದಲ್ಲಿ ಕೆಲಸ ಸಿಕ್ಕಿತು. ಕಾಕುವಿಗೆಂದು ಬೈಂಡ್ ಮಾಡಿಸಿದ ಒಂದು ಪ್ರತಿ ಕಪಾಟಿನಲ್ಲೇ ಏಳು ವರ್ಷ ಉಳಿಯಿತು. ಒಂದು ಬಸ್ಸು ಹತ್ತಿದರೆ ಮುಗಿಯಿತಲ್ಲ ಎಂದು ಹೆಂಡತಿ ಎಷ್ಟು ಸಲ ಹೇಳಿದಳೋ. ಅದೂ ಸರಿಯಾದ ಸಲಹೆಯೇ.

ಮನಗೂಳಿಯಲ್ಲಿ ಮೊರ ಕೆಳಗಿಟ್ಟವನು ಅವತ್ತು ಮನೆಗೆ ಬಾರದೆ, ಬರಿಗೈಯಲ್ಲಿ ಸಿಂದಗಿಗೆ ಹೋದೆ. ಕಾಕು ತೀರಿಕೊಂಡು ಎರಡು ವರ್ಷವಾಗಿತ್ತು. ಆಗಲೂ ಅದೇ ಮನೆಯಲ್ಲಿದ್ದ ಅವರ ಸೊಸೆ ಚಹಾ ಕೊಟ್ಟರು. ನನ್ನ ನೆನಪನ್ನು ಪರೀಕ್ಷಿಸಲೆಂದೇ, ಸಂಜೆ ಅವರು ಜೋಳ ಹಸನು ಮಾಡುತ್ತಿದ್ದದ್ದು ನಿಜವೇ ಎಂದು ಕೇಳಿದೆ.

"ಮುಂಜಾನೆ ನಾನ ಹಸನ ಮಾಡಿ ಡಬ್ಬಿ ತುಂಬತಿದ್ದೆರಿ. ಸಂಜಿಗೆ ಅತ್ತಿ ಅದನ್ನ ತಗದು ಮತ್ತ ಮೊರಕ್ಕ ಹಾಕತಿದ್ರು. ಯಾಕ್ರಿ ಅತ್ತಿ ಅಂದ್ರ, ಸುಮ್ನಿರು, ಮಾಸ್ತರು ಬರಿಯಾಕತ್ತಾರ ಅಂತಿದ್ರು."

ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ಆ ಜೋಳದಲ್ಲಿ ಒಂದು ಹರಳೂ ಇರುತ್ತಿರಲಿಲ್ಲ.