ಕಾರಿನ ಬಾಗಿಲಿಗೆ ಹೊಸ ರಬ್ಬರು

ಆಳಂದದಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ದಾಲ್ ಮಿಲ್ಲಿದೆ. ತೊಗರಿ ರಾಶಿ ಮುಗಿದು ಮಾಲು ಬರಲು ಶುರುವಾಯಿತೆಂದರೆ ಬೆಳಗಿನಿಂದ ಸಂಜೆಯವರೆಗೆ ಅದರ ಹೊಟ್ಟಿನ ಧೂಳು ನಮ್ಮ ಅಡುಗೆಮನೆಗೆ ಬರುತ್ತದೆ. ಕಾಸಿದ ಹಾಲಿನ ಮೇಲೆ ಕೆನೆಗಿಂತ ಮೊದಲು ಧೂಳು ಕಟ್ಟುತ್ತದೆ. ನನಗೆ ದಮ್ಮಿನ ಕಾಯಿಲೆ. ನೌಕರಿ ಇರುವತನಕ ಶಾಲೆಯಲ್ಲಿ ಸೀಮೆಸುಣ್ಣದ ಪುಡಿ ಕುಡಿದೆ, ಈಗ ತೊಗರಿ ಹೊಟ್ಟು ಕುಡಿಯುತ್ತಿದ್ದೇನೆ. ಹಣೆಬರಹ ಬಿಡವಾ ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ ನನಗೆ. ಎಂಥ ಹಣೆಬರಹ? ಅಡುಗೆಮನೆಯ ಕಿಟಕಿಯ ಕದ ಸೊಟ್ಟಗಾಗಿ ಚೌಕಟ್ಟಿಗೆ ಕೂಡುವುದಿಲ್ಲ. ಹಿಂಬಾಗಿಲ ಕೆಳಗೆ ಇಲಿ ಹಾಯುವಷ್ಟು ಸಂದಿ ಇದೆ. ಒಬ್ಬ ಬಡಿಗನನ್ನು ಕರೆಸಿದರೆ ಅರ್ಧ ದಿನದ ಕೆಲಸ. ಅದಕ್ಕಾಗಿ ನಮ್ಮ ಯಜಮಾನರ ಬೆನ್ನು ಹತ್ತಿ ಎಷ್ಟು ವರ್ಷವಾಯಿತೋ, ನನಗೇ ಲೆಕ್ಕ ತಪ್ಪಿದೆ.

"ನೋಡೂನು ತಗೋ" ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕೂತು ಇಡೀ ಊರಿಗೆ "ನೋಡೂನು" ಅಂದು ಬಂದವರು. ನಿವೃತ್ತಿಯಾದ ಮೇಲೆ ಹಾಗೆ ಅನ್ನಿಸಿಕೊಳ್ಳುವುದಕ್ಕೆ ನಾನೊಬ್ಬಳೇ ಉಳಿದೆ.

ಕಾರು ನನ್ನ ಅಪ್ಪನದು. ಅಫಜಲಪುರದಲ್ಲಿ ಅವರದೊಂದು ಅಡತಿ ಅಂಗಡಿ ಇತ್ತು, ಬಾಗಿಲಲ್ಲಿ ಬಿಳಿ ಅಂಬಾಸಿಡರ್ ನಿಂತಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರು ಅದನ್ನು ಗುಜರಿಗೆ ಹಾಕುವ ಮಾತಾಡಿದರು. ನನಗೆ ತಡೆಯಲಾಗಲಿಲ್ಲ, ಆಳಂದಕ್ಕೆ ತರಿಸಿಕೊಂಡೆ. "ಈ ಡಬ್ಬಾ ಯಾಕ ಬೇಕಾಗಿತ್ತ ನಿನಗ? ಹೆಣ ತಂದಂಗ ತಂದೀಯಲ್ಲ" ಅಂದವರು ನಮ್ಮ ಯಜಮಾನರೇ. ಆಮೇಲೊಂದು ದಿನ ಕಲಬುರಗಿಯಲ್ಲಿ ಯಾರೋ ಹುಡುಗರು ಕಾರು ನಿಲ್ಲಿಸಿ, "ಸರ್, ನಿಮ್ಮ ಗಾಡಿ ಭಾರಿ ಅದ, ನಿಮ್ಮ ಜೊತಿ ಒಂದ್ ಫೋಟೋ" ಅಂದರು ನೋಡಿ, ಆಗಿನಿಂದ ಅದು "ನನ್ನ ಗಾಡಿ" ಆಯಿತು. ಬೆಳಗಾದರೆ ಒರೆಸುವುದು, ಸಂಜೆಯಾದರೆ ಹೊದಿಸುವುದು. ಆಗಲಿ, ಅಪ್ಪನ ಕಾರು ಚೆನ್ನಾಗಿರುತ್ತದಲ್ಲ ಎಂದು ನಾನೂ ಸುಮ್ಮನಿದ್ದೆ.

ಹೋದ ಚಳಿಗಾಲದಲ್ಲಿ ಯಜಮಾನರು ಕಾರು ತೆಗೆದುಕೊಂಡು ಕಡಗಂಚಿಗೆ ಹೋಗಿ ಬಂದರು. ಇಳಿಯುವಾಗ ಅವರ ಬಿಳಿ ಅಂಗಿಯ ತೋಳು ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಲುಗಳ ರಬ್ಬರು ಹಳೆಯದಾಗಿ ಚಕ್ಕಳದ ಹಾಗೆ ಒಣಗಿ ಸೀಳಿದ್ದರಿಂದ ಧೂಳೆಲ್ಲ ಒಳಗೆ ಬಂದಿತ್ತು. ಒಂದು ಅಂಗಿ ಹೊಲಸಾದದ್ದಕ್ಕೆ ಆ ಮನುಷ್ಯ ಪಟ್ಟ ಸಂಕಟವನ್ನು ನಾನು ಕಣ್ಣಾರೆ ನೋಡಿದೆ. ಆ ವಾರವೇ ಖಜೂರಿ ದಾಟಿ ಸೊಲ್ಲಾಪುರಕ್ಕೆ ಹೋಗಿ ನಾಲ್ಕೂ ಬಾಗಿಲಿಗೆ ಹೊಸ ರಬ್ಬರು, ಅಂಟಿಸುವ ಸೊಲ್ಯೂಷನ್ ಡಬ್ಬಿ ತಂದರು. "ನೋಡೂನು" ಅನ್ನಲಿಲ್ಲ.

ಅಂಗಳದಲ್ಲಿ ಕೆಲಸ ಶುರುವಾಯಿತು. ಹಳೆಯ ರಬ್ಬರು ಕೆರೆದು ತೆಗೆಯುವುದಕ್ಕೆ ನನ್ನ ಈಳಿಗೆಯ ಪಕ್ಕದಲ್ಲಿದ್ದ ಒಳ್ಳೆಯ ಚಾಕು ಹೋಯಿತು. ಕೆರೆದ ಜಾಗವನ್ನು ಪೆಟ್ರೋಲಿನಲ್ಲಿ ಒರೆಸಿ, ತಗಡಿಗೂ ರಬ್ಬರಿಗೂ ಸೊಲ್ಯೂಷನ್ ಸವರಿ, ಅದು ಕೈಗೆ ಜಿಗುಟಾಗುವ ತನಕ ಕಾದು, ಆಮೇಲೆ ಒತ್ತುತ್ತ ಹೋಗಬೇಕು. ನೇರವಾದ ಕಡೆ ಸುಲಭ. ಮೂಲೆಗಳಲ್ಲಿ ರಬ್ಬರು ಬಾಗಲು ಒಪ್ಪದೆ ಎದ್ದು ಬರುತ್ತದೆ, ಅದು ಅಂಟಿ ಹಿಡಿಯುವ ತನಕ ಯಾರಾದರೂ ಒತ್ತಿಕೊಂಡು ನಿಲ್ಲಬೇಕು. ಆ ಯಾರಾದರೂ ನಾನೇ.

"ಆ ವಾಸನಿ ನನಗ ಆಗಂಗಿಲ್ಲರಿ" ಅಂದೆ.

"ಐದ್ ನಿಮಿಷ ಹಿಡಿ. ಸಾಯಂಗಿಲ್ಲ ತಗೋ."

ಹಿಡಿದೆ. ಮೂರು ಬಾಗಿಲು ಹೇಗೋ ಮುಗಿದವು. ನಾಲ್ಕನೆಯದರ ಮೇಲಿನ ಮೂಲೆಗೆ ಬರುವಷ್ಟರಲ್ಲಿ ಎದೆ ಬಿಗಿಯಿತು. ಸೊಲ್ಯೂಷನ್ ವಾಸನೆ ಗಂಟಲಲ್ಲಿ ಕೂತುಬಿಟ್ಟಿತ್ತು, ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ದಮ್ಮಿಗೆ ಬಾಯಲ್ಲಿ ಹೊಡೆದುಕೊಳ್ಳುವ ನನ್ನ ಪಂಪು ಪಡಸಾಲೆಯ ಗೂಡಿನಲ್ಲಿತ್ತು. ಮಾತು ಹೊರಡಲಿಲ್ಲ, ಒಂದು ಕೈ ತೆಗೆದು ಪಡಸಾಲೆಯ ಕಡೆ ತೋರಿಸಿದೆ. ಅವರು ನೋಡಿದ್ದು ತೆಗೆದ ಕೈಯನ್ನು.

"ಬಿಡಬ್ಯಾಡ, ಬಿಡಬ್ಯಾಡ! ಈಗ ಬಿಟ್ಟಿ ಅಂದ್ರ ಎಲ್ಲಾ ಎದ್ದ ಬರ್ತದ!"

ನಾನು ಮತ್ತೆ ಕೈಯಿಟ್ಟು ಒತ್ತಿದೆ. ಯಾಕೆ ಒತ್ತಿದೆನೋ, ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಮದುವೆಯಾದಾಗಿನಿಂದ ಹಿಡಿ ಅಂದದ್ದನ್ನು ಹಿಡಿದು ನಿಂತು ರೂಢಿಯಾಗಿರಬೇಕು. ಪಕ್ಕದ ಮನೆಯ ಆಪಾ ಬಟ್ಟೆ ಒಣಗಿಸಲು ಮಾಳಿಗೆಗೆ ಬಂದವರು ಅಲ್ಲಿಂದಲೇ ಕೂಗಿದರು: "ಯಾ ಅಲ್ಲಾ! ಭಾಯಿಸಾಬ್, ಕಣ್ಣ ಕಾಣಂಗಿಲ್ಲೇನ್ರಿ ನಿಮಗ? ಟೀಚರ್ ತುಟಿ ನೀಲಿ ಆಗ್ಯಾವ, ನೀವು ರಬ್ಬರ್ ನೋಡ್ಕೋತ ನಿಂತೀರಿ!" ಅವರೇ ಓಡಿ ಬಂದು, ಪಂಪು ತಂದು ನನ್ನ ಬಾಯಿಗೆ ಹಿಡಿದು, ಬೆನ್ನು ನೀವಿದರು.

ಉಸಿರು ಬಂದ ಮೇಲೆ ಯಜಮಾನರು ಕೇಳಿದರು: "ಮೊದಲ ಹೇಳಬೇಕಿಲ್ಲೇನು?" ಕೇಳಿ ಮತ್ತೆ ಮೂಲೆಯ ಕಡೆ ತಿರುಗಿದರು. ಮೂಲೆ ಚೆನ್ನಾಗಿ ಹಿಡಿದಿತ್ತು.

ಕೆಲವು ದಿನ ಕಳೆದು ಆ ವಾಸನೆ ಪೂರ್ತಿ ಹೋಯಿತು. ಒಂದು ಮಧ್ಯಾಹ್ನ ಮಿಲ್ಲು ಜೋರಾಗಿ ಓಡುತ್ತಿತ್ತು, ಮನೆಯೊಳಗೆ ಕೂರಲಾಗದೆ ಅಂಗಳಕ್ಕೆ ಬಂದೆ. ಅಲ್ಲೂ ಅದೇ. ಬೇರೆ ದಾರಿ ಕಾಣದೆ ಕಾರಿನ ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡೆ. ಒಳಗೆ ಸದ್ದು ನಿಂತಂತಾಯಿತು. ಗಾಳಿ ಸ್ವಚ್ಛವಾಗಿತ್ತು. ಒಂದು ಉಸಿರು ತೆಗೆದುಕೊಂಡೆ, ಇನ್ನೊಂದು ತೆಗೆದುಕೊಂಡೆ, ಎದೆ ಸಿಳ್ಳೆ ಹೊಡೆಯಲಿಲ್ಲ. ಅಪ್ಪನ ಪಕ್ಕ ಕೂತು ಅಫಜಲಪುರದ ಸಂತೆಗೆ ಹೋಗುತ್ತಿದ್ದಾಗ ಇದ್ದ ಎದೆಯೇ ಇದು ಅನ್ನಿಸಿ ಅಳು ಬಂತು. ಅತ್ತೂಬಿಟ್ಟೆ, ಯಾರಿಗೇನು.

ಅಂದಿನಿಂದ ದಿನಾ ಮಧ್ಯಾಹ್ನ ಚಹಾದ ಲೋಟ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದೆ. ಚಳಿಗಾಲವಾದ್ದರಿಂದ ಅಂಗಳದ ಬೇವಿನ ಮರದ ನೆರಳಲ್ಲಿ ಸೆಕೆಯೂ ಇರಲಿಲ್ಲ. "ಟೀಚರ್, ಇವತ್ತ ಯಾವ ಊರಿಗಿ ಹೊಂಟೀರಿ?" ಎಂದು ಆಪಾ ಮಾಳಿಗೆಯಿಂದ ಕಾಡುತ್ತಿದ್ದರು. "ಮಕ್ಕಾಕ್ಕ ಬರ್ರಿ, ನಿಮ್ಮನ್ನೂ ಬಿಟ್ಟ ಬರ್ತೇನಿ" ಅನ್ನುತ್ತಿದ್ದೆ.

ಯಜಮಾನರಿಗೆ ಗೊತ್ತಾಯಿತು. "ಹಿಂಗ ದಿನಾ ತಗದು ಹಾಕಿ ಮಾಡಿದ್ರ ರಬ್ಬರ್ ಸವದ ಹೋಗ್ತದ. ಕುಂದ್ರಾಕ ಮನಿಯೊಳಗ ಜಾಗ ಇಲ್ಲೇನು?"

"ಇಲ್ಲ" ಅಂದೆ. "ನನ್ನ ಅಪ್ಪನ ಕಾರಿನೊಳಗ ಅದ."

ಅವರು ನಾಲ್ಕೂ ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿದರು. ಆ ಮಧ್ಯಾಹ್ನದಿಂದ ನಾನು ಮತ್ತೆ ಅಡುಗೆಮನೆಯಲ್ಲಿ, ಮೂಗಿಗೆ ಸೆರಗು ಒತ್ತಿಕೊಂಡು.

ಮಿಲ್ಲಿನ ಹಂಗಾಮು ಮುಗಿಯುವ ಮೊದಲು ಅಂದೋಲಾದಲ್ಲಿ ನಮ್ಮ ಬಳಗದವರ ಮನೆಯಲ್ಲಿ ಬಸುರಿಗೆ ಕುಬಸ ಮಾಡುವ ಕಾರ್ಯ ಬಂತು. ಜೇವರ್ಗಿ ದಾಟಿ ಅಂದೋಲಾದ ತನಕ ಯಜಮಾನರದು ಒಂದೇ ಮಾತು, "ನೋಡು, ಒಂದ್ ಹರಳ ಧೂಳ ಒಳಗ ಬರಲಿಲ್ಲ." ಅಲ್ಲಿ ಬಂದವರನ್ನೆಲ್ಲ ಕರೆದು ಬಾಗಿಲು ತೆಗೆಸಿ, ಮುಚ್ಚಿಸಿ, ರಬ್ಬರು ಮುಟ್ಟಿ ನೋಡಿ ಅಂದರು. ಒಬ್ಬ ಮುದುಕಮ್ಮ ನನ್ನ ಗದ್ದ ಹಿಡಿದು, "ಪುಣ್ಯಾ ಮಾಡೀದಿ ಬಿಡವಾ. ಗಾಡೀನೇ ಇಷ್ಟ ಜ್ವಾಕಿ ಮಾಡಾಂವ ಹೇಣ್ತೀನ ಎಷ್ಟ ಮಾಡ್ತಿರಬೇಕ!" ಅಂದಳು. ಹೋಳಿಗೆ ಬಾಯಲ್ಲೇ ಉಳಿಯಿತು.

ಸಂಜೆಯಾಗುವ ಮುಂಚೆ ಆಳಂದಕ್ಕೆ ಬಂದೆವು. ಮಿಲ್ಲು ಇನ್ನೂ ಓಡುತ್ತಿತ್ತು, ಮನೆಯ ಮೇಲೆ ಹಳದಿ ಧೂಳು ನಿಂತಿತ್ತು. ಎಂಜಿನ್ ಚಾಲೂ ಇಟ್ಟು ಅವರು ಗೇಟು ತೆಗೆಯಲು ಇಳಿದರು. ನಾನು ಮೊದಲೇ ಯೋಚಿಸಿ ಮಾಡಿದ್ದೇನೂ ಅಲ್ಲ. ಬಗ್ಗಿ ಅವರ ಕಡೆಯ ಬಾಗಿಲು ಒಳಗಿನಿಂದ ಲಾಕ್ ಮಾಡಿದೆ, ನನ್ನದನ್ನೂ ಮಾಡಿದೆ, ಹಿಂದಿನವೆರಡನ್ನೂ ಮಾಡಿದೆ. ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

ಅವರು ಬಂದು ಗಾಜಿಗೆ ಬೆರಳಿಂದ ಬಡಿದರು. ಬಾಯಿ ಆಡುತ್ತಿತ್ತು, ನನಗೆ ಸರಿಯಾಗಿ ಕೇಳಲಿಲ್ಲ. ಬಾಗಿಲಿನ ಹಿಡಿಕೆಗೆ ಕೈ ಹಾಕಿದರು, ಆದರೆ ಜಗ್ಗಲಿಲ್ಲ. ಜಗ್ಗಿದರೆ ರಬ್ಬರು ಎದ್ದೀತೆಂಬ ಹೆದರಿಕೆ. ಧೂಳಿನಲ್ಲಿ ನಿಂತು ಕೆಮ್ಮಿದರು, ಕಣ್ಣು ಒರೆಸಿಕೊಂಡರು, ಅಂಗಿ ಜಾಡಿಸಿಕೊಂಡರು. ಮಿಲ್ಲು ನಿಲ್ಲುವ ತನಕ ನಾನು ಒಳಗೇ ಕೂತು ಉಸಿರಾಡಿದೆ. ಆಮೇಲೆ ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಕೀಲಿಯನ್ನು ಅವರ ಕೈಗೇ ಕೊಟ್ಟೆ. ಈಗಲಾದರೂ ಗೊತ್ತಾಗಿರಬೇಕು ಎಂದುಕೊಂಡಿದ್ದೆ.

ಗೊತ್ತಾಗಿತ್ತು. ಮರುದಿನ ಬೆಳಿಗ್ಗೆಯೇ ಒಬ್ಬನನ್ನು ಮನೆಗೆ ಕರೆದುಕೊಂಡು ಬಂದರು. ಕೈಯಲ್ಲಿ ಹತಾರದ ಚೀಲ ಕಂಡು, ಬಡಿಗನೇ ಬಂದನೆಂದು ನಾನು ಕಿಟಕಿಯ ಮುಂದಿನ ಡಬ್ಬಿಗಳನ್ನೆಲ್ಲ ತೆಗೆದು ಜಾಗ ಮಾಡಿದೆ. ಅವನು ಕೀಲಿ ಮಾಡುವವನು. ಕಾರಿಗೆ ಇನ್ನೊಂದು ಕೀಲಿ ಮಾಡಿಸಿಕೊಂಡು ಯಜಮಾನರು ಎರಡನ್ನೂ ಜೇಬಿಗೆ ಹಾಕಿಕೊಂಡರು.